ನನ್ ಕರ್ಮ ಅಯ್ಯಾ

28 ಜುಲೈ 2024, ಭಾನುವಾರ
ತೀರ್ಥಹಳ್ಳಿ ಹತ್ತಿರದ ತೋಟದ ಮನೆ

ಪುಷ್ಯ ಮಳೆ ಇವತ್ತು ಬೆಳಗ್ಗೆ ಒಂದು ಗಂಟೆ ಹೊತ್ತು ನಿಂತು ಹೊಳವು ಕೊಟ್ಟಿತು. ಆ ಹೊಳವಿನಲ್ಲೇ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ನಮ್ಮ ಕೊನೆಗಾರ ಬಂದ. ಆಟೋದಿಂದ ಇಳಿದು, ಊರುಗೋಲು ಊರಿಕೊಂಡು, ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದ. ಮರದ ತುದಿಯಿಂದ ಕೆಳಗಿಳಿಯದೆ ತೂಗಿಕೊಂಡೇ ಪಕ್ಕದ ಮರಕ್ಕೆ ದಾಟುತ್ತಿದ್ದ ಮನುಷ್ಯ. ನನಗಿಂತ ಹತ್ತು ವರ್ಷ ದೊಡ್ಡವನು. ಏಕವಚನ ನಮ್ಮಲ್ಲಿ ಹಳೇ ರೂಢಿ, ಬರೆಯುವಾಗಲೂ ಕೈ ಹಾಗೇ ಓಡುತ್ತಿದೆ. ಇರಲಿ, ಇವತ್ತು ತಿದ್ದಿದರೆ ಅದೂ ನಾಟಕವೇ.

ಜಗಲಿಯಲ್ಲಿ ಕೂತವನೇ, ನಾನು ಬಾಯಿ ತೆಗೆಯುವ ಮೊದಲೇ ಹೇಳಿದ: "ನನ್ ಕರ್ಮ ಅಯ್ಯಾ. ನೀವೆಂತ ಮಾಡಕ್ಕಾಗ್ತದೆ?"

ಇಪ್ಪತ್ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಆ ಮಾತಿಗೆ ಥಟ್ಟನೆ ಇಳಿಯಿತು. ಸುಳ್ಳು ಹೇಳುವುದಿಲ್ಲ, ಹಾಯೆನಿಸಿತು. ಈ ದಿನಚರಿ ಬರೆಯುತ್ತಿರುವುದೇ ಆ ಹಾಯೆನಿಸಿದ್ದಕ್ಕೆ.

ಜುಲೈ 5ರಂದು ಆದದ್ದು ಇಷ್ಟು. ಆರಿದ್ರ ಮಳೆ ಮುಗಿಯುತ್ತಿತ್ತು. ಮೊದಲ ಔಷಧಿ ಹೊಡೆದು ನಲವತ್ತು ದಿನ ದಾಟಿತ್ತು. ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯದೇ ಬಿಟ್ಟರೆ ಅಡಿಕೆ ಕಾಯಿ ಉದುರಿಸುವ ಕೊಳೆ ರೋಗ ಬರುವುದು ಗ್ಯಾರಂಟಿ. ಹಿಂದಿನ ರಾತ್ರಿ ಅವನಿಗೆ ಮೂರು ಸಲ ಫೋನ್ ಮಾಡಿದ್ದೆ. "ಮರ ಇನ್ನೂ ಒಣಗಿಲ್ಲ ಅಯ್ಯಾ, ಹಾವಸೆ ಕಟ್ಟಿದೆ, ಎರಡು ದಿನ ನೋಡಣ" ಅಂದಿದ್ದ. "ಹೊಳವು ಸಿಕ್ಕಾಗ ಬಿಟ್ರೆ ಮತ್ತೆ ಸಿಗುತ್ತಾ?" ಅಂದಿದ್ದೆ ನಾನು. ಬಂದ.

ನಾನು ಬ್ಯಾರೆಲ್ ಹತ್ತಿರ ಬಗ್ಗಿದ್ದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಹದ ನೋಡಲು ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ಹಿಡಿಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಚಾಕು ಎತ್ತಿ ನೋಡಿದೆ, ತುದಿಯಲ್ಲಿ ಕೆಂಪು. ಇನ್ನೊಂದು ಹಿಡಿ ಸುಣ್ಣಕ್ಕೆ ಕೈ ಹಾಕುವಷ್ಟರಲ್ಲಿ ಮೊದಲು ಪೈಪು ಬಿದ್ದ ಸದ್ದು, ಹಿಂದೆಯೇ ಇನ್ನೊಂದು ಸದ್ದು. ಮರದ ಬುಡಕ್ಕೆ ಹೊಸದಾಗಿ ಸೊಪ್ಪು, ದರಗು ಹಾಕಿದ್ದೆವು, ಅದಕ್ಕೇ ಜೀವ ಉಳಿಯಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಮಣಿಕಟ್ಟು ಒಂದು ಕಡೆ. ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕೈಯಲ್ಲಿ ಆ ಚಾಕು ಇತ್ತು ಎಂದು ಡ್ರೈವರ್ ಹೇಳಿದ ಮೇಲೇ ಗೊತ್ತಾದದ್ದು.

ಆಸ್ಪತ್ರೆ ಬಿಲ್ಲಿನಲ್ಲಿ ಅರ್ಧ ಕೊಟ್ಟೆ. ಅರ್ಧವೇ ಏಕೆ ಎಂದು ಯಾರೂ ಕೇಳಲಿಲ್ಲ.

ನಮ್ಮ ಕಡೆ ಕರ್ಮ ಎಂಬ ಮಾತು ದಿನಕ್ಕೆಷ್ಟು ಸಲ ಬಾಯಿಗೆ ಬರುತ್ತದೋ ಲೆಕ್ಕವಿಲ್ಲ. ಕರೆಂಟು ಹೋದರೂ ಕರ್ಮ, ಅಳಿಯ ಕುಡಿದರೂ ಕರ್ಮ. ಶಾಸ್ತ್ರದ ಲೆಕ್ಕ ಇಷ್ಟು ಸಡಿಲವಲ್ಲ. ಕೂಡಿಟ್ಟದ್ದು ಸಂಚಿತ, ಅದರಲ್ಲಿ ಈ ಜನ್ಮದಲ್ಲಿ ಉಣ್ಣಲು ಬಡಿಸಿಕೊಂಡದ್ದು ಪ್ರಾರಬ್ಧ, ಈಗ ಮಾಡುತ್ತಾ ಮುಂದಕ್ಕೆ ಕಟ್ಟಿಕೊಳ್ಳುತ್ತಿರುವುದು ಆಗಾಮಿ. ಪ್ರಾರಬ್ಧವನ್ನು ಬಿಲ್ಲಿನಿಂದ ಹೊರಟ ಬಾಣಕ್ಕೆ ಹೋಲಿಸುತ್ತಾರೆ. ಜ್ಞಾನಿಗೂ ಅದು ತಪ್ಪಿದ್ದಲ್ಲವಂತೆ. ಆದರೆ ಬತ್ತಳಿಕೆ ಇನ್ನೂ ಹೆಗಲಲ್ಲೇ ಇದೆ, ಮುಂದಿನ ಬಾಣ ಯಾವ ಕಡೆಗೆ ಎನ್ನುವುದು ಬಿಟ್ಟವನಿಗೇ ಬಿಟ್ಟದ್ದು. ನಾವು ಮಾತಾಡುವುದು ಮಾತ್ರ ಹೊರಟ ಬಾಣದ ಬಗ್ಗೆ, ಅದೂ ಬೇರೆಯವರಿಗೆ ತಗುಲಿದಾಗ.

ಹುಂಚದ ಕಡೆಯ ಜೈನ ಗೆಳೆಯನೊಬ್ಬ ಹೋದ ವಾರ ಬಂದಿದ್ದ. ಅವರಲ್ಲಿ ಕರ್ಮ ಬರೀ ಲೆಕ್ಕವಲ್ಲ, ಪುದ್ಗಲ, ಅಂದರೆ ಧೂಳಿನಂಥ ವಸ್ತು. ಜೀವಕ್ಕೆ ಬಂದು ಅಂಟುತ್ತದೆ. ಅಂಟಿಸುವ ಗೋಂದು ಕ್ರೋಧ, ಮಾನ, ಮಾಯೆ, ಲೋಭ, ಈ ನಾಲ್ಕಕ್ಕೆ ಅವರು ಹೇಳುವ ಹೆಸರು ಕಷಾಯ. ಅಮ್ಮ ಆಗಷ್ಟೇ ಇಬ್ಬರಿಗೂ ಕೊತ್ತಂಬರಿ ಜೀರಿಗೆ ಕಷಾಯ ತಂದುಕೊಟ್ಟಿದ್ದಳು. ಲೋಟ ಹಿಡಿದು ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಡಿಕೆ ಬೇಯಿಸಿದ ಚೊಗರು ನೆನಪಾಯಿತು. ಸುಗ್ಗಿಯಲ್ಲಿ ಕೈಗೆ ಹತ್ತಿದರೆ ಸೋಪು, ಹುಣಸೆಹಣ್ಣು ಯಾವುದಕ್ಕೂ ಬಗ್ಗದೆ ದಿನಗಟ್ಟಲೆ ಇರುತ್ತದೆ. ಅವತ್ತು ಮೂರನೇ ಸಲ ಫೋನ್ ಒತ್ತಿದ್ದು ಯಾವ ಗೋಂದು ಎಂದು ನನಗೆ ಚೆನ್ನಾಗಿ ಗೊತ್ತು.

ಕೊನೆಗಾರ ಇವತ್ತು ಹಾಗಂದಾಗ ಅಮ್ಮ ಒಳಗಿದ್ದಳು. ಅವನು ಹಿತ್ತಲ ಕಡೆ ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಅವ್ನ ಕರ್ಮ ಅವ್ನು ತಿಂತಾನೆ ಮಾರಾಯ. ನಿಂದನ್ನೂ ಅವ್ನ ತಲೆಗೆ ಯಾಕೆ ಕಟ್ತೀಯ?" ಅಂದಳು. ಒಳಗೆ ಹೋಗಿ ಅಕ್ಕಿ ಚೀಲ ಎಳೆದು ತಂದಳು. ಎಪ್ಪತ್ತೆಂಟರ ಹೆಂಗಸು.

ಅಮ್ಮನನ್ನು ಇಲ್ಲಿ ದೇವತೆ ಮಾಡಲು ಹೊರಟಿಲ್ಲ. ಮೇಲಿನ ಮನೆಯವರಿಗೆ ಮಕ್ಕಳಾಗದ್ದಕ್ಕೆ ಅವರ ಅಜ್ಜ ನಾಗಬನದ ಮರ ಕಡಿದದ್ದೇ ಕಾರಣ ಎಂದು ಆಕೆ ಈಗಲೂ ನಂಬಿದ್ದಾಳೆ, ಆ ಸೊಸೆಯ ಕಿವಿಗೆ ಬೀಳುವಂತೆಯೂ ಹೇಳಿದ್ದಾಳೆ. ಅಕ್ಕಿ ಚೀಲ ಎಳೆದದ್ದೂ ಅದೇ ನಂಬಿಕೆ, ಆ ಹುಡುಗಿಗೆ ಚುಚ್ಚಿದ್ದೂ ಅದೇ. ಪ್ರತಿ ಎಳ್ಳಮಾವಾಸ್ಯೆಗೆ ತಪ್ಪದೆ ತೀರ್ಥಹಳ್ಳಿಯ ತುಂಗೆಯಲ್ಲಿ ಮುಳುಗು ಹಾಕುತ್ತಾಳೆ. ತಾಯಿಯನ್ನು ಕಡಿದ ಪರಶುರಾಮನ ಕೊಡಲಿಯಲ್ಲಿ ಎಲ್ಲಿ ತೊಳೆದರೂ ಎಳ್ಳಿನಷ್ಟು ರಕ್ತ ಉಳಿದಿತ್ತಂತೆ, ಅದು ಹೋದದ್ದು ಇಲ್ಲಿ. ಹೊಳೆಯೇ ತೊಳೆಯುವುದಾದರೆ ಉಣ್ಣುವುದು ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಅಮ್ಮ ಕೊಟ್ಟ ಉತ್ತರ ಈಗಲೂ ನೆನಪಿದೆ: "ಅವ್ನು ಕೊಡಲಿ ಹಿಡ್ಕೊಂಡು ಊರೂರು ತಿರುಗಿದ್ನಲ್ಲ, ಅದು ಉಂಡಿದ್ದೇ."

ನಮ್ಮ ಕೊನೆಗಾರನದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ದಂಡೆಯಿಂದ ಎದ್ದುಬಂದವರು. ಅವನ ಅಪ್ಪ ಲಾರಿಯಲ್ಲಿ ಬಂದು ಕಾಡಂಚಿನಲ್ಲಿ ಇಳಿದದ್ದು, ಆ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅಂಥವರು ನೂರಾರು ಮನೆ. "ನಮ್ ಹಣೆಬರ" ಎಂದು ಅವನ ಅಪ್ಪ ಹೇಳುತ್ತಿದ್ದದ್ದು ನನಗೆ ನೆನಪಿದೆ, ಕೇಳಿದ ದೊಡ್ಡವರೆಲ್ಲ ತಲೆ ಆಡಿಸುತ್ತಿದ್ದದ್ದೂ. ಮುಳುಗಿದವನೇ ಹಾಗಂದರೆ ಮುಳುಗಿಸಿದವರಿಗೆ ಕೆಲಸ ಹಗುರ.

ನಾನು ಕರ್ಮ ನಂಬುವವನಲ್ಲ. ಆದರೆ ಈ ಇಪ್ಪತ್ಮೂರು ದಿನ ಊರವರಿಗೆಲ್ಲ ನಾನು ಹೇಳಿಕೊಂಡು ಬಂದ ಪದ 'ಆಕ್ಸಿಡೆಂಟ್'. ಎರಡೂ ಒಂದೇ ಕೆಲಸ ಮಾಡುತ್ತವೆ. ಎರಡರಲ್ಲೂ ಫೋನ್ ಮಾಡಿದವನು ಇಲ್ಲ. ಹಾಗೆ ನೋಡಿದರೆ ಅಮ್ಮನ ಲೆಕ್ಕದಲ್ಲಾದರೂ ನನಗೊಂದು ಖಾತೆ ಇದೆ, ನನ್ನ ಲೆಕ್ಕದಲ್ಲಿ ಅದೂ ಇರಲಿಲ್ಲ.

ಬಾಕಿ ಅರ್ಧ ಬಿಲ್ಲು, ಅವನು ಏಳುವವರೆಗಿನ ಕೂಲಿ, ಇವೆರಡರ ಮಾತನ್ನು ಇವತ್ತು ಆಡಿ ಮುಗಿಸಿದೆ. ಅವನು ಬೇಡಬೇಡ ಎಂದ, ಅಮ್ಮ ಗದರಿದಳು, ಸುಮ್ಮನಾದ. ಕೆಳಗಿನಿಂದಲೇ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ತರುವ ಯೋಚನೆ ಎರಡು ವರ್ಷದಿಂದ ಇತ್ತು, ರೇಟು ನೋಡಿ ಮುಂದಕ್ಕೆ ಹಾಕಿದ್ದೆ. ಈಗ ಹೇಳಿಟ್ಟಿದ್ದೇನೆ, ಬರಲು ವಾರವಾಗುತ್ತದೆ.

ಹೊರಡುವಾಗ ಆಟೋ ಹತ್ತಿರ ನಿಂತು ಅವನು ತೋಟದ ಕಡೆ ನೋಡಿದ. "ಮೇಲ್ತೋಟ ಹಂಗೇ ಉಳೀತಲ್ಲ ಅಯ್ಯಾ. ನನ್ ಮಗ ಹತ್ತಾನೆ ಈಗ. ಹೊಳವಾದ್ರೆ ನಾಳೆ ಕಳಿಸ್ಲಾ?"

ಹುಡುಗನಿಗೆ ಹತ್ತೊಂಬತ್ತು. ಬೇಡ ಎನ್ನಬೇಕಿತ್ತು. ನಾನು ಆಕಾಶ ನೋಡಿದೆ. ಎಷ್ಟು ಹೊತ್ತು ನೋಡಿದೆನೋ, ಅಷ್ಟರಲ್ಲಿ ಆಟೋ ಹೊರಟಿತ್ತು.

ಸಂಜೆ ಮೇಲ್ತೋಟಕ್ಕೆ ಹೋಗಿ ಬಂದೆ. ಬುಡದಲ್ಲೆಲ್ಲ ಹಸಿರು ಕಾಯಿ ಉದುರಿದೆ, ತೊಟ್ಟಿನ ಸುತ್ತ ನೀರು ಕುಡಿದ ಕಲೆ, ಕೆಲವಕ್ಕೆ ಬಿಳಿ ಬೂಸಲು ಹತ್ತಿದೆ. ಕೊಳೆ ಬಂದಾಯಿತು. ಅಲ್ಲೇ ನಿಂತು ಅವನ ಮನೆಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದಳು. ಮಗನನ್ನು ಕಳಿಸುವುದು ಬೇಡ, ಈ ವರ್ಷ ಯಾರೂ ಮರ ಹತ್ತುವುದು ಬೇಡ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಂಗಾರೆ ಅವ್ನಿಗೆ ಕೆಲ್ಸ ಇಲ್ವಾ ಅಯ್ಯಾ? ನೀವು ಬ್ಯಾಡ ಅಂದ್ರೆ ಬೇರೆಯೋರ ತೋಟಕ್ಕೆ ಹತ್ತಕ್ಕೆ ಹೋಗ್ತಾನೆ."

ಉದುರಿದ ಕಾಯಿ ಹೆಕ್ಕಿ ದೂರ ಹಾಕುವ ಕೆಲಸ ಹತ್ತು ದಿನಕ್ಕಾಗುವಷ್ಟಿದೆ, ಕೊನೆಗಾರನ ಕೂಲಿಯನ್ನೇ ಕೊಡುತ್ತೇನೆ, ನಾಳೆ ಬರಲಿ ಎಂದೆ. ಆಗಲಿ ಎಂದಳು. ಹತ್ತು ದಿನ ಆದ ಮೇಲೆ ಏನು ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ರಾತ್ರಿ ಒಂಬತ್ತೂವರೆ. ಮತ್ತೆ ಹಿಡಿದಿದೆ ಮಳೆ. ತುಂಗೆಯಲ್ಲಿ ರಾಮಮಂಟಪ ಮುಳುಗಿದ ಫೋಟೋ ಯಾರೋ ಗ್ರೂಪಿಗೆ ಹಾಕಿದ್ದಾರೆ. ಚಾಕು ಇನ್ನೂ ಕಾರಿನಲ್ಲೇ ಇದೆ, ಅಲಗಿನ ಮೇಲಿನ ಕೆಂಪು ಹೋಗಿಲ್ಲ.