ಕ್ಯೂನಲ್ಲಿಟ್ಟ ಕ್ಯಾನು

2018ರ ಆಗಸ್ಟ್ ಕೊನೆಯ ಒಂದು ಶನಿವಾರ. ಅಂಚೆ ಡಬ್ಬಿ ತೆಗೆದರೆ ಒಂದು ದಪ್ಪ ಲಕೋಟೆ. ಒಳಗೆ ಒಂದು ಪತ್ರ, ಒಂದು ಸಿಡಿ. ನಮ್ಮ ಮನೆಯ ಎರಡು ಲ್ಯಾಪ್‌ಟಾಪುಗಳಲ್ಲೂ ಸಿಡಿ ಹಾಕುವ ಜಾಗ ಇರಲಿಲ್ಲ. ಹಿಂದಿನ ಬೀದಿಯ ತೆಲುಗು ಗೆಳತಿಯ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದೆಯೆಂದು ನೆನಪಾಯಿತು. ಮಗಳನ್ನು ಭರತನಾಟ್ಯದ ಕ್ಲಾಸಿಗೆ ಬಿಟ್ಟು ನೇರ ಅಲ್ಲಿಗೇ ಹೋದೆ. ಆಕೆ ಕಾಫಿ ಮಾಡಲು ಒಳಗೆ ಹೋದಳು. ನಾನು ಅವಳ ಮಗನ ಆಟದ ಸಾಮಾನುಗಳ ನಡುವೆ ನೆಲದ ಮೇಲೇ ಕೂತು ಸಿಡಿ ಹಾಕಿದೆ. ಕೈ ನಡುಗುತ್ತಿತ್ತು.

ಮೂರು ವರ್ಷದಿಂದ ಕಂಪನಿಯನ್ನು ಕೇಳುತ್ತಾ ಬಂದಿದ್ದ ಕಾಗದ ಅದರಲ್ಲಿತ್ತು. ನನ್ನ ಐ-140, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಅರ್ಜಿ, ಮಂಜೂರಾದ ನೋಟಿಸು.

ನಾನು ಅರಸೀಕೆರೆಯವಳು. ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿ, ಚೆನ್ನೈನಲ್ಲಿ ವೀಸಾ ಸ್ಟಾಂಪಿಂಗ್ ಮುಗಿಸಿಕೊಂಡು, 2011ರ ಅಕ್ಟೋಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಒಹಾಯೋದ ಕೊಲಂಬಸ್‌ಗೆ ಬಂದೆ. ಗಂಡ ಮತ್ತು ಎರಡು ವರ್ಷದ ಮಗಳು ನನ್ನ ಮೇಲೆ ಅವಲಂಬಿತರಾಗಿ ಎಚ್-4ನಲ್ಲಿ ಬಂದರು. ಎಚ್-1ಬಿಯ ಆಯಸ್ಸು ಮೂರು ಮತ್ತು ಮೂರು, ಒಟ್ಟು ಆರು ವರ್ಷ. ಅಷ್ಟರೊಳಗೆ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140ರ ತನಕವಾದರೂ ತಲುಪಿದ್ದರೆ, ಸರದಿ ಬರುವವರೆಗೂ ಮೂರು ಮೂರು ವರ್ಷ ವಿಸ್ತರಿಸಿಕೊಂಡು ಹೋಗಬಹುದು. ತಲುಪದಿದ್ದರೆ ಸಾಮಾನ್ಯವಾಗಿ ಪೆಟ್ಟಿಗೆ ಕಟ್ಟಬೇಕು. ನನ್ನ ಕಂಪನಿ ಇವತ್ತು ನಾಳೆ ಎಂದು ಮೂರು ವರ್ಷ ಕಳೆದು, ಕೊನೆಗೂ 2015ರ ಫೆಬ್ರವರಿ 10ಕ್ಕೆ ಪರ್ಮ್ ಅರ್ಜಿ, ಅಂದರೆ ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂದು ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ, ಹಾಕಿತು. ಆ ತಾರೀಖೇ ನನ್ನ ಪ್ರಯಾರಿಟಿ ಡೇಟ್, ಗ್ರೀನ್ ಕಾರ್ಡಿನ ಸಾಲಿನಲ್ಲಿ ನನ್ನ ಜಾಗ. ಅದೇ ಜುಲೈನಲ್ಲಿ ಐ-140 ಮಂಜೂರಾಯಿತು ಎಂದು ಒಂದು ಸಾಲಿನ ಇಮೇಲ್ ಬಂತು. ನೋಟಿಸಿನ ಪ್ರತಿ ಮಾತ್ರ ಬರಲಿಲ್ಲ.

ಕೇಳಿದಾಗಲೆಲ್ಲ ಎಚ್‌ಆರ್‌ನಿಂದ ಒಂದೇ ಉತ್ತರ: "ಅದು ಕಂಪನಿಯ ದಾಖಲೆ, ಹೊರಗೆ ಕೊಡುವುದಿಲ್ಲ." ಐ-140 ಹಾಕುವುದು ಕಂಪನಿ, ಆದ್ದರಿಂದ ಆ ಮಾತು ಸುಳ್ಳಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತಿತ್ತು: "ಕೆಲಸ ಬಿಟ್ಟವರ 140ನ್ನು ನಾವು ವಾಪಸ್ ತೆಗೆದುಕೊಳ್ಳುತ್ತೇವೆ, ಅದು ನಮ್ಮ ಪಾಲಿಸಿ." ಆ ಎರಡನೆಯ ಮಾತು ನನ್ನನ್ನು ವರ್ಷಗಟ್ಟಲೆ ಕುರ್ಚಿಗೆ ಕಟ್ಟಿಹಾಕಿತು.

ಈ ಸಾಲಿನ ಉದ್ದ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡು ಸುಮಾರು 1,40,000. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಆ ಲೆಕ್ಕದಲ್ಲೇ ಸೇರುತ್ತಾರೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳರಷ್ಟು ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. 2018ರಲ್ಲಿ ನಮ್ಮ ಇಬಿ-2 ಸಾಲಿನಲ್ಲಿ, ಅಂದರೆ ಹೆಚ್ಚಿನ ಓದು, ಅನುಭವ ಬೇಕಾದ ಕೆಲಸದವರ ಸಾಲಿನಲ್ಲಿ, ಸರದಿ ಬರುತ್ತಿದ್ದದ್ದು ಹೆಚ್ಚಾಗಿ 2008, 2009ರಲ್ಲಿ ಅರ್ಜಿ ಹಾಕಿದವರಿಗೆ. ಸರದಿ ಯಾವ ತಾರೀಖಿಗೆ ಬಂತೆಂದು ಸರ್ಕಾರ ತಿಳಿಸುವ ವೀಸಾ ಬುಲೆಟಿನ್ ತಿಂಗಳಿಗೊಮ್ಮೆ ಬಂದರೆ, ಹೆಚ್ಚಿನ ಸಲ ಆ ತಾರೀಖು ಒಂದು ವಾರ ಮುಂದೆ ಹೋಗಿರುತ್ತಿತ್ತು, ಇಲ್ಲವೇ ಅಲ್ಲೇ ನಿಂತಿರುತ್ತಿತ್ತು.

ಇಷ್ಟು ಉದ್ದದ ಸಾಲಿನಲ್ಲಿ ನಿಂತವಳಿಗೆ ಕೆಲಸ ಬದಲಿಸುವ ಯೋಚನೆಯೇ ಭಯ. 2016ರಲ್ಲಿ ನನ್ನ ತಂಡವನ್ನು ನಡೆಸುವ ಜವಾಬ್ದಾರಿ ಕೊಡುತ್ತೇವೆಂದು ಕೇಳಿದರು. ಕಂಪನಿಯ ವಕೀಲರು, ಕೆಲಸದ ಸ್ವರೂಪ ಅಷ್ಟು ಬದಲಾದರೆ ಪರ್ಮ್ ಹೊಸದಾಗಿ ಮಾಡಬೇಕಾಗಬಹುದು ಎಂದರು. ಕಂಪನಿ ಅದಕ್ಕೆ ಒಪ್ಪಲಿಲ್ಲ. ನಾನು ಬೇಡವೆಂದೆ. ನಾನೇ ಕೆಲಸ ಕಲಿಸಿದ ಹುಡುಗ ನನ್ನ ಮ್ಯಾನೇಜರ್ ಆದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಆ ಸಂಜೆ ಕಾರಿನಲ್ಲಿ ಒಬ್ಬಳೇ ಕೂತು ಅತ್ತದ್ದು ನೆನಪಿದೆ.

ಸರ್ಕಾರದ ಹತ್ತಿರ ನನ್ನ ಬಗ್ಗೆ ಇರುವ ಕಡತವನ್ನು ನಾನೇ ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬಹುದು ಎಂದು ಹೇಳಿಕೊಟ್ಟವಳು ಆ ತೆಲುಗು ಗೆಳತಿಯೇ. ಮಾರ್ಚಿನಲ್ಲಿ ಅರ್ಜಿ ಹಾಕಿದ್ದೆ. ಕಂಪನಿಗೆ ಗೊತ್ತಾಗುವುದಿಲ್ಲ ಎಂದು ಅವಳು ಹತ್ತು ಸಲ ಧೈರ್ಯ ಹೇಳಿದ್ದಳು. ಐದು ತಿಂಗಳ ನಂತರ ಬಂದದ್ದು ಈ ಸಿಡಿ.

ಪರದೆಯ ಮೇಲೆ ಪುಟ ಪುಟವಾಗಿ ನನ್ನ ಬದುಕು ಬಂತು. ಕಂಪನಿಯ ಹಣಕಾಸಿನ ಹಾಳೆಗಳನ್ನು ತಡೆಹಿಡಿದಿದ್ದರು, ಕೆಲವು ಕಡೆ ಖಾಲಿ ಚೌಕ. ಉಳಿದದ್ದೆಲ್ಲ ಇತ್ತು. ಪರ್ಮ್ ಅರ್ಜಿಯಲ್ಲಿ ನನ್ನ ಕೆಲಸದ ವಿವರ, ಬೇಕಾದ ಡಿಗ್ರಿ, ಬೇಕಾದ ಅನುಭವ. ಈ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗುತ್ತಾರೆಯೇ ಎಂದು ನೋಡಲು ಎರಡು ಭಾನುವಾರ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನ ತಾರೀಖುಗಳು. ಆ ಭಾನುವಾರಗಳಲ್ಲಿ ನಾನೇನು ಮಾಡುತ್ತಿದ್ದೆನೋ, ಬಹುಶಃ ಇಡ್ಲಿ ಹಿಟ್ಟು ರುಬ್ಬುತ್ತಿದ್ದೆ. ಹಿಂದಿನ ಅನುಭವದ ಕಾಲಂನಲ್ಲಿ ಜಯನಗರದ ನನ್ನ ಹಳೆಯ ಆಫೀಸಿನ ವಿಳಾಸ. ಅದರ ಕೆಳಗಿನ ರಸ್ತೆಯಲ್ಲಿ ಸಂಜೆ ಜೋಳ ಸುಡುತ್ತಿದ್ದ ಅಜ್ಜಿ ಕಣ್ಮುಂದೆ ಬಂದಳು. ಕೊನೆಗೆ ನೋಟಿಸು. ನನ್ನ ಹೆಸರು. ಪ್ರಯಾರಿಟಿ ಡೇಟ್: ಫೆಬ್ರವರಿ 10, 2015.

ಅಷ್ಟು ದಿನ ಬಾಯಿಮಾತಿನಲ್ಲಿ ಮಾತ್ರ ಇದ್ದದ್ದು ಅಚ್ಚಿನಲ್ಲಿ ಕಂಡಾಗ ಗಂಟಲು ಕಟ್ಟಿತು. ಗೆಳತಿ ಕಾಫಿ ಲೋಟ ಪಕ್ಕಕ್ಕಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಅಂದು ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಭಾನುವಾರದ ಬೆಳಗು. ಪರ್ಮು, 140 ಎಂದರೆ ಅಮ್ಮನಿಗೆ ಏನೂ ತಿಳಿಯದು. ಆದರೆ ಸಾಲು ಅವಳಿಗೆ ಚೆನ್ನಾಗಿ ಗೊತ್ತು. ನಾವು ಚಿಕ್ಕವರಿದ್ದಾಗ ಸೊಸೈಟಿಗೆ ಸೀಮೆಎಣ್ಣೆ ಬರುವ ದಿನ ಬೆಳಗಿನ ಜಾವವೇ ಹೋಗಿ ಕ್ಯಾನು ಇಟ್ಟು ಬರಬೇಕಿತ್ತು. ಹಿಡಿಗೆ ಬಟ್ಟೆ ಚೂರು ಕಟ್ಟಿ ಗುರುತು ಮಾಡಿ, ಕ್ಯಾನು ಸಾಲಿನಲ್ಲಿಟ್ಟು ಮನೆಗೆ ಬಂದು ಅಡುಗೆ ಮುಗಿಸಿ ಮತ್ತೆ ಹೋಗುವುದು. ಯಾರೂ ಇನ್ನೊಬ್ಬರ ಕ್ಯಾನು ಮುಟ್ಟುತ್ತಿರಲಿಲ್ಲ. ಆ ಲೆಕ್ಕದಲ್ಲೇ ಅಮ್ಮ ಕೇಳಿದಳು:

"ಈಗ ನೀನು ಬೇರೆ ಕಂಪ್ನಿಗೆ ಹೋದ್ರೆ ನಿನ್ನ ಕ್ಯಾನು ಎತ್ತಿ ಬಿಸಾಕ್ತಾರೇನೆ?"

"ಇಲ್ಲಮ್ಮ. ಮಂಜೂರಾಗಿ ಆರು ತಿಂಗಳು ದಾಟಿದ್ರೆ, ಅವರು ವಾಪಸ್ ತಗೊಂಡ್ರೂ ನನ್ನ ತಾರೀಖು ಹೋಗಲ್ಲ. ಹೋದ ವರ್ಷದಿಂದ ಹಂಗೆ ರೂಲು ಬಂದಿದೆ."

"ಹಂಗಾದ್ರೆ ಇನ್ನೇನು ಕಣೆ. ಕ್ಯಾನು ನಿಂದು, ಜಾಗಾನೂ ನಿಂದು."

ನಾನು ಹೇಳಿದ ರೂಲು ಜಾರಿಗೆ ಬಂದದ್ದು 2017ರ ಜನವರಿ 17ರಂದು. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಕಂಪನಿ ಹಿಂತೆಗೆದುಕೊಂಡರೂ ಅದಷ್ಟಕ್ಕೇ ಅದು ರದ್ದಾಗುವುದಿಲ್ಲ. ಮೋಸ ಅಥವಾ ದೊಡ್ಡ ತಪ್ಪು ಇಲ್ಲದಿದ್ದರೆ ತಾರೀಖು ಉಳಿಯುತ್ತದೆ, ಎಚ್-1ಬಿ ವಿಸ್ತರಣೆಗೂ ಅದೇ ಆಧಾರ. ಇದನ್ನು ನಾನು ಒಂದೂವರೆ ವರ್ಷದಿಂದ ಓದಿ ತಿಳಿದಿದ್ದೆ. ಕಾಗದ ಕೈಗೆ ಬರುವ ತನಕ ನಂಬಲು ಧೈರ್ಯ ಇರಲಿಲ್ಲ. ಹೊಸ ಕಂಪನಿಯ ವಕೀಲರೂ ಮೊದಲು ಕೇಳುವುದು ಆ ನೋಟಿಸಿನ ಪ್ರತಿಯನ್ನೇ.

ಅಕ್ಟೋಬರಿನಲ್ಲಿ ಕೊಲಂಬಸ್ಸಿನದೇ ಒಂದು ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಸ್ವಲ್ಪ ಹೆಚ್ಚು. ತಂಡವನ್ನು ನಡೆಸುವ ಕೆಲಸ. ಕಾಲ ಮಾತ್ರ ಕೆಟ್ಟದಾಗಿತ್ತು. ಹೆಚ್ಚು ಹಣ ಕಟ್ಟಿದರೆ 15 ದಿನದಲ್ಲಿ ತೀರ್ಮಾನ ಕೊಡುತ್ತಿದ್ದ ಪ್ರೀಮಿಯಂ ಸೌಲಭ್ಯವನ್ನು ಕಂಪನಿ ಬದಲಿಸುವವರಿಗೆ ಸೆಪ್ಟೆಂಬರ್ 11ರಿಂದ ನಿಲ್ಲಿಸಿದ್ದರು. ಹೊಸ ಕಂಪನಿ ಎಚ್-1ಬಿ ಅರ್ಜಿ ಹಾಕಿ ಅದು ಸರ್ಕಾರಕ್ಕೆ ತಲುಪಿದರೆ ಸಾಕು, ಕೆಲಸ ಶುರು ಮಾಡಬಹುದು. ಕಾನೂನು 2000ನೇ ಇಸವಿಯಿಂದ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಸೇರಿಕೊಂಡ ಮೇಲೆ ಯಾವತ್ತೋ ಆ ಅರ್ಜಿ ತಿರಸ್ಕೃತವಾದರೆ? ಆಗಿನ ದಿನಗಳಲ್ಲಿ ಎಲ್ಲರ ಅರ್ಜಿಗೂ ಹೆಚ್ಚಿನ ದಾಖಲೆ ಕೇಳುತ್ತಿದ್ದರು. ನನ್ನ ಗಂಡ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದದ್ದು ಎಚ್-4 ಇಎಡಿ ಎಂಬ ಕೆಲಸದ ಪರವಾನಗಿ ಮೇಲೆ. ಅದು ನಿಂತಿದ್ದದ್ದು ನನ್ನ ಎಚ್-1ಬಿ ಮತ್ತು ನನ್ನ 140 ಮೇಲೆ. ಆ ಸೌಲಭ್ಯವನ್ನೇ ತೆಗೆಯುತ್ತೇವೆಂದು ಸರ್ಕಾರ ಆಗ ಹೇಳುತ್ತಿತ್ತು. ನನ್ನ ಒಂದು ಸಹಿ ಇಬ್ಬರ ಅನ್ನದ ಪ್ರಶ್ನೆಯಾಗಿತ್ತು.

ಅವನು ಒಂದೇ ಮಾತು ಹೇಳಿದ: "ನೀನು ಏಳು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದು ಸಾಕು. ಹಾಕು."

ನವೆಂಬರ್ 6, ಮಂಗಳವಾರ, ನರಕ ಚತುರ್ದಶಿ. ಕತ್ತಲಿರುವಾಗಲೇ ಎದ್ದು ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಆಫೀಸಿಗೆ ಹೋದರೆ ಅಂದೇ ಇಲ್ಲಿ ಮಧ್ಯಂತರ ಚುನಾವಣೆ. ಸಹೋದ್ಯೋಗಿಗಳೆಲ್ಲ ಅಂಗಿಯ ಮೇಲೆ ಮತ ಹಾಕಿದ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುತ್ತಿದ್ದರು. ಮಧ್ಯಾಹ್ನ ವಕೀಲರ ಇಮೇಲ್ ಬಂತು. ಕಾರ್ಮಿಕ ಇಲಾಖೆಯಿಂದ ಬರಬೇಕಾದ ಕಾಗದ ಬಂದಿದೆ, ಅರ್ಜಿ ಕಟ್ಟಿ ಕಳಿಸುತ್ತಿದ್ದೇವೆ.

ಶುಕ್ರವಾರ ಅದು ತಲುಪಿತು ಎಂದು ಕೊರಿಯರ್‌ನವರ ಸಂದೇಶ ತೋರಿಸಿತು. ಕೆಲವರು ಅಷ್ಟಕ್ಕೇ ರಾಜೀನಾಮೆ ಕೊಡುತ್ತಾರೆ. ನನಗೆ ರಿಸೀಟ್ ನಂಬರ್ ಬೇಕಿತ್ತು. ಮೂರು ಅಕ್ಷರ, ಹತ್ತು ಅಂಕಿ. ಸೋಮವಾರ ಸರ್ಕಾರಿ ರಜೆ. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಗುರುವಾರ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿ ಶಾಲೆಗೆ ರಜೆ ಕೊಟ್ಟರು. ಮಗಳು ಪಕ್ಕದಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದಳು, ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಹತ್ತು ನಿಮಿಷಕ್ಕೊಮ್ಮೆ ಇಮೇಲ್ ತೆರೆಯುತ್ತಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಶುಕ್ರವಾರ, ನವೆಂಬರ್ 16ರ ಮಧ್ಯಾಹ್ನ ಎರಡೂ ಕಾಲಿಗೆ ಆ ಹದಿಮೂರು ಬಂತು. ಕಾಗದದ ಮೇಲೆ ಬರೆದುಕೊಂಡೆ. ಸರಿ ಬರೆದಿದ್ದೇನೆಯೇ ಎಂದು ಎರಡು ಸಲ ಓದಿದೆ. ಆಮೇಲೆ ಎದ್ದು ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿದೆ.

ಅವನು, ನಾನು ಕೆಲಸ ಕಲಿಸಿದ್ದ ಆ ಹುಡುಗ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಯಾವತ್ತೋ ಮಾಡಬೇಕಿತ್ತು ಅಕ್ಕಾ" ಅಂದ.

ಡಿಸೆಂಬರ್ 3ಕ್ಕೆ ಹೊಸ ಕೆಲಸ. ಫೆಬ್ರವರಿಯಲ್ಲಿ ನಾನು ಹೆದರಿದ್ದದ್ದೇ ಆಯಿತು, ಹೆಚ್ಚಿನ ದಾಖಲೆ ಕೇಳಿ ಪತ್ರ ಬಂತು. ಈ ಕೆಲಸಕ್ಕೆ ನಿಜವಾಗಿ ಇಂಥದೇ ಡಿಗ್ರಿ ಬೇಕೇ ಎಂಬುದು ಪ್ರಶ್ನೆ. ಅದೇ ತಿಂಗಳು ಅರಸೀಕೆರೆಯಲ್ಲಿ ಅಪ್ಪನ ಎಪ್ಪತ್ತರ ಭೀಮರಥ ಶಾಂತಿ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಎಂದೋ ಮುಗಿದಿತ್ತು. ಅರ್ಜಿ ಮಂಜೂರಾಗದೆ ಚೆನ್ನೈನಲ್ಲಿ ಸ್ಟಾಂಪಿಂಗ್ ಆಗುವುದಿಲ್ಲ. ನಾನು ಹೋಗಲಿಲ್ಲ. ತಮ್ಮ ಫೋನು ಹಿಡಿದು ತೋರಿಸಿದ. ಕಳಶದ ನೀರು ಹಾಕುವಾಗ ಅಪ್ಪ ಒಂದು ಸಲ ಕ್ಯಾಮೆರಾ ಕಡೆ ತಿರುಗಿ ನೋಡಿದರು. ಈ ದೇಶಕ್ಕೆ ನಾನು ಕೊಟ್ಟದ್ದರಲ್ಲಿ ತೆರಿಗೆಗಿಂತ ದೊಡ್ಡದು ಆ ಒಂದು ದಿನ. ಇವತ್ತಿಗೂ ಅದು ನನ್ನಲ್ಲಿ ಆರಿಲ್ಲ.

ಫೆಬ್ರವರಿ ಕೊನೆಯ ಹೊತ್ತಿಗೆ ನಮ್ಮಂಥವರಿಗೆ ಪ್ರೀಮಿಯಂ ಮತ್ತೆ ತೆರೆದಿತ್ತು. ಮಾರ್ಚಿನಲ್ಲಿ ಕಂಪನಿ ಹಣ ಕಟ್ಟಿತು, ಉತ್ತರ ಕೊಟ್ಟಿತು, ಮೂರು ವರ್ಷಕ್ಕೆ ಮಂಜೂರಾಯಿತು. ಹೊಸ ಪರ್ಮ್, ಮತ್ತೆ ಎರಡು ಭಾನುವಾರದ ಜಾಹೀರಾತು, ಮತ್ತೆ ಒಂದು ಐ-140. 2020ರ ಫೆಬ್ರವರಿಯಲ್ಲಿ ಹೊಸ ನೋಟಿಸು ಬಂತು. ಕೇಳುವ ಮೊದಲೇ ಎಚ್‌ಆರ್‌ನವರು ನನಗೊಂದು ಪ್ರತಿ ಕಳಿಸಿದರು. ಕಂಪನಿಯ ಹೆಸರು ಬೇರೆ, ಹುದ್ದೆಯ ಹೆಸರು ಬೇರೆ. ಪ್ರಯಾರಿಟಿ ಡೇಟ್: ಫೆಬ್ರವರಿ 10, 2015. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ಇದರಲ್ಲಿ ಕ್ಯಾನು ಯಾವುದು?" ಎಂದು ಕೇಳಿದಳು. ತಾರೀಖಿನ ಸುತ್ತ ಕೆಂಪು ಗೆರೆ ಎಳೆದು ಮತ್ತೆ ಕಳಿಸಿದೆ.

ಅದೇ ವರ್ಷ ಅಕ್ಟೋಬರಿನಲ್ಲಿ, ಇಬಿ-2ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಬಿ-3 ಸಾಲಿನಲ್ಲಿ ಕೊನೆಯ ಹಂತದ ಅರ್ಜಿ ಹಾಕುವ ತಾರೀಖು ಒಮ್ಮೆಲೇ 2015ರ ಜನವರಿ 1ಕ್ಕೆ ಜಿಗಿಯಿತು. ಅದಕ್ಕಿಂತ ಮುಂಚಿನ ತಾರೀಖಿನವರು ಇಬಿ-2ರಿಂದ ಇಬಿ-3ಕ್ಕೆ ಇಳಿದು ಅರ್ಜಿ ಹಾಕಿದರು. ತೆಲುಗು ಗೆಳತಿಯೂ ಹಾಕಿದಳು. ನನಗೆ ತಪ್ಪಿದ್ದು ನಲವತ್ತು ದಿನದಲ್ಲಿ. 2022ರ ಬೇಸಿಗೆಯಲ್ಲಿ ಇಬಿ-2 ಓಡಿ ಓಡಿ 2014ರ ಡಿಸೆಂಬರ್ 1ರ ತನಕ ಬಂತು. ಅಲ್ಲಿ ತಪ್ಪಿದ್ದು ಎರಡು ತಿಂಗಳು ಒಂಬತ್ತು ದಿನ. ಅಕ್ಟೋಬರಿನಲ್ಲಿ ಅದು 2012ರ ಏಪ್ರಿಲ್‌ಗೆ ಹಿಂದೆ ಸರಿಯಿತು. ಮೊದಲ ಕಂಪನಿ ಇವತ್ತು ನಾಳೆ ಎನ್ನದೆ ಮೂರೇ ತಿಂಗಳು ಮುಂಚೆ ಅರ್ಜಿ ಹಾಕಿದ್ದರೆ ಎಂಬ ಯೋಚನೆಯನ್ನು ಆ ಅಕ್ಟೋಬರಿನಲ್ಲಿ ಎಷ್ಟು ರಾತ್ರಿ ಮಾಡಿದೆನೋ.

ಮಗಳು ಹುಟ್ಟಿದ್ದು 2009ರಲ್ಲಿ, ಹಾಸನದ ಆಸ್ಪತ್ರೆಯಲ್ಲಿ. 21 ತುಂಬಿದರೆ ಅವಳ ಎಚ್-4 ಮುಗಿಯುತ್ತದೆ. ನನ್ನ ಸರದಿಯಲ್ಲಿ ಅವಳಿಗಿರುವ ಪಾಲೂ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯುತ್ತದೆ. ಇದನ್ನು ಅವಳಿಗೆ ನಾವು ಕೂರಿಸಿ ಹೇಳಿರಲಿಲ್ಲ. ಆ ಅಕ್ಟೋಬರಿನ ಬುಲೆಟಿನ್ ಬಂದ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅವಳು ನನ್ನ ಫೋನು ತೆಗೆದುಕೊಂಡು, ಎರಡನೆಯ ಸಾಲು, ಇಂಡಿಯಾ ಎಂದು ಬರೆದ ಕಾಲಂ, ಬೆರಳಿಟ್ಟು ಹುಡುಕಿದಳು.

"ಅಮ್ಮಾ, ಹಿಂದೆ ಹೋಗಿದೆ" ಅಂದಳು. ಫೋನು ಮೇಜಿನ ಮೇಲೆ ಮಗುಚಿಟ್ಟು, ನನ್ನ ಕೈಯಿಂದ ಸೌಟು ತೆಗೆದುಕೊಂಡು ಸಾರು ಕದಡತೊಡಗಿದಳು.