ತೀರ್ಪಿನ ಬಗ್ಗೆ ಜನ ಕೇಳಿದಾಗ ಮೊದಲು ನೋಡಬೇಕಾದ್ದು, ಪೀಠದ ಮುಂದಿದ್ದ ಪ್ರಶ್ನೆ

ದೊಡ್ಡ ತೀರ್ಪು ಬಂದ ಮರುದಿನವೇ ಕಾನೂನು ನೆರವು ಕೇಂದ್ರಗಳಿಗೆ ಪ್ರಶ್ನೆಗಳು ಬರತೊಡಗುತ್ತವೆ. ‘ಸುಪ್ರೀಂ ಕೋರ್ಟ್ ಹೀಗೆ ಹೇಳಿದೆಯಂತೆ, ನಮಗೂ ಅನ್ವಯಿಸುತ್ತಾ ಸರ್?’ ಕೇಳುವವರ ಕೈಯಲ್ಲಿರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ತಲೆಬರಹ ಅಷ್ಟೆ. ಅದನ್ನು ನಂಬಿಕೊಂಡು ಅರ್ಜಿ ಹಾಕುವವರಿದ್ದಾರೆ, ಹಾಕಬೇಕಾದ ಅರ್ಜಿ ಬಿಡುವವರೂ ಇದ್ದಾರೆ. ಹಾಗಾಗಿ ತೀರ್ಪಿನ ಮೂಲ ಪ್ರತಿ ತೆರೆಯದೆ ಬಾಯಿ ತೆರೆಯಬಾರದು.

ಪ್ರತಿ ತೆರೆದ ಮೇಲೆ ಎಲ್ಲಿಂದ ಓದಬೇಕು ಎಂಬುದರಲ್ಲೇ ಕೆಲಸದ ಮುಕ್ಕಾಲು ಪಾಲಿದೆ. ಒಳಮೀಸಲಾತಿ ತೀರ್ಪನ್ನೇ ತೆಗೆದುಕೊಳ್ಳಿ: ಪಂಜಾಬ್ ಸರ್ಕಾರ ಮತ್ತು ದವಿಂದರ್ ಸಿಂಗ್ ನಡುವಿನ ಪ್ರಕರಣ, 2024ರ ಆಗಸ್ಟ್ 1. ಏಳು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ಅಭಿಪ್ರಾಯಗಳು, ಐನೂರಕ್ಕೂ ಹೆಚ್ಚು ಪುಟ. ಮೊದಲ ಪುಟದಿಂದ ಓದುತ್ತಾ ಹೋದರೆ ದಾರಿ ತಪ್ಪುತ್ತದೆ. ಮೊದಲು ನೋಡಬೇಕಾದ್ದು ಪ್ರಕರಣವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿದ 2020ರ ಆಗಸ್ಟ್ 27ರ ಆದೇಶ. ಪರಿಶಿಷ್ಟ ಜಾತಿಗಳನ್ನು ಒಳಗೊಳಗೇ ವರ್ಗೀಕರಿಸುವಂತಿಲ್ಲ ಎಂದ 2004ರ ಚಿನ್ನಯ್ಯ ತೀರ್ಪನ್ನು ಮರುಪರಿಶೀಲಿಸಬೇಕು ಎಂಬುದು ಅದರ ತಿರುಳು. ಆ ಪ್ರಶ್ನೆಗೆ 6:1 ಬಹುಮತದ ಉತ್ತರ ಸ್ಪಷ್ಟ: ರಾಜ್ಯಗಳು ಒಳವರ್ಗೀಕರಣ ಮಾಡಬಹುದು, ಆದರೆ ಅದಕ್ಕೆ ದತ್ತಾಂಶದ ಆಧಾರ ಇರಬೇಕು. ಎಲ್ಲ ಸೀಟುಗಳನ್ನೂ ಒಂದೇ ಗುಂಪಿಗೆ ಕೊಟ್ಟು ಉಳಿದವರನ್ನು ಹೊರಗಿಡುವಂತಿಲ್ಲ. ನ್ಯಾಯಮೂರ್ತಿ ಬೇಲಾ ತ್ರಿವೇದಿ ಅವರದು ಭಿನ್ನಮತ.

ಜನ ಹೆಚ್ಚಾಗಿ ಕೇಳುವುದು ಮಾತ್ರ ಬೇರೆ: ‘ಎಸ್‌ಸಿಯವರಿಗೂ ಕೆನೆಪದರ ಬಂತಂತೆ, ನಾನು ಸರ್ಕಾರಿ ನೌಕರ, ನನ್ನ ಮಗನಿಗೆ ಮೀಸಲಾತಿ ಹೋಯಿತಾ?’ ಕೆನೆಪದರ ಎಂದರೆ ಮೀಸಲಾತಿ ಇರುವ ಗುಂಪಿನೊಳಗೇ ಮುಂದುವರಿದವರನ್ನು ಗುರುತಿಸಿ ಮೀಸಲಾತಿಯಿಂದ ಹೊರಗಿಡುವುದು. ನಾಲ್ವರು ನ್ಯಾಯಮೂರ್ತಿಗಳು ಅದರ ಪರವಾಗಿ ಬರೆದಿರುವುದು ನಿಜ. ಏಳರಲ್ಲಿ ನಾಲ್ಕು ಬಹುಮತವೇ ತಾನೇ ಎಂದು ಉತ್ತರಿಸುವವರೂ ಎಡವುವುದು ಇಲ್ಲೇ. ಸಂವಿಧಾನದ 141ನೇ ವಿಧಿಯಂತೆ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುವುದು ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು. ಪೀಠದ ಮುಂದೆ ಇಲ್ಲದ ವಿಷಯದ ಮೇಲಿನ ಅಭಿಪ್ರಾಯ ಎಷ್ಟೇ ಗೌರವದ್ದಾದರೂ ಆ ಸಾಲಿಗೆ ಸೇರುವುದಿಲ್ಲ. ಕೆನೆಪದರ ಪೀಠಕ್ಕೆ ಒಪ್ಪಿಸಿದ ಪ್ರಶ್ನೆಯೇ ಆಗಿರಲಿಲ್ಲ. ಆದ್ದರಿಂದ ಆ ತಂದೆಗೆ ಕೊಡಬೇಕಾದ ಉತ್ತರ: ‘ಇಲ್ಲ, ಈ ತೀರ್ಪಿನಿಂದ ನಿಮ್ಮ ಮಗನ ಮೀಸಲಾತಿ ಹೋಗಿಲ್ಲ.’ ಈ ‘ಇಲ್ಲ’ ಮೊದಲ ವಾಕ್ಯದಲ್ಲೇ ಬರಲಿ, ವಿವರಣೆ ಆಮೇಲೆ. ಆತಂಕದಲ್ಲಿರುವವರು ನಾಲ್ಕನೇ ವಾಕ್ಯದವರೆಗೆ ಕಾಯುವುದಿಲ್ಲ.

ಇನ್ನೊಂದು ತೊಡಕು ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್’ ಎಂಬ ಸುದ್ದಿಯದು. ಆದೇಶ ತೆಗೆದು ನೋಡಿದರೆ ಎಷ್ಟೋ ಸಲ ಇರುವುದು ಒಂದೆರಡು ಸಾಲು: ವಿಶೇಷ ಮೇಲ್ಮನವಿ ಅರ್ಜಿ (ಮೇಲ್ಮನವಿಗೆ ಸುಪ್ರೀಂ ಕೋರ್ಟಿನ ಅನುಮತಿ ಕೇಳುವ ಅರ್ಜಿ) ವಜಾ. ಕಾರಣ ಕೊಡದೆ ಹೀಗೆ ವಜಾ ಮಾಡಿದರೆ ಹೈಕೋರ್ಟಿನ ತರ್ಕಕ್ಕೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದಂತಲ್ಲ. ಇದನ್ನು ಕುಞಹಮ್ಮದ್ ಪ್ರಕರಣದಲ್ಲಿ 2000ದಲ್ಲೇ ಬಿಡಿಸಿ ಹೇಳಲಾಗಿದೆ. ಅಂದರೆ ಆ ಕಕ್ಷಿದಾರರ ಮಟ್ಟಿಗೆ ಹೈಕೋರ್ಟ್ ತೀರ್ಪು ಉಳಿಯಿತು, ಇಡೀ ದೇಶಕ್ಕೆ ಹೊಸ ಕಾನೂನೇನೂ ಆಗಲಿಲ್ಲ. ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಆಡಿದ ಮಾತಿಗಂತೂ ಆದೇಶದ ಬಲವೇ ಇಲ್ಲ.

ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ವಿರುದ್ಧವಾಗಿ ಬರೆದರು, ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಆಗ ಎರಡೂ ಕಡೆಯವರು ‘ಗೆದ್ದೆವು’ ಎಂದುಕೊಂಡದ್ದುಂಟು. ಭಿನ್ನ ತೀರ್ಪು ಬಂದಾಗ ಕೆಳಗಿನ ತೀರ್ಪು, ಇಲ್ಲಿ ಕರ್ನಾಟಕ ಹೈಕೋರ್ಟಿನ 2022ರ ಮಾರ್ಚ್ 15ರ ತೀರ್ಪು, ರದ್ದಾಗುವುದಿಲ್ಲ.

ತೀರ್ಪು ಸರಿಯಾಗಿ ಓದಿಯೂ ಉತ್ತರ ತಪ್ಪಬಹುದು, ಏಕೆಂದರೆ ಕಾನೂನು ಆಮೇಲೆ ಬದಲಾಗಿರುತ್ತದೆ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪು ಬ್ಯಾಂಕ್ ಖಾತೆಗೂ ಸಿಮ್‌ಗೂ ಆಧಾರ್ ಜೋಡಣೆ ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರಲ್ಲಿ ಸಂಸತ್ತು ತಿದ್ದುಪಡಿ ತಂದು, ಗ್ರಾಹಕರು ಸ್ವಇಚ್ಛೆಯಿಂದ ಕೊಟ್ಟರೆ ಬ್ಯಾಂಕುಗಳು ಬಳಸಬಹುದು ಎಂದು ಮಾಡಿತು. ಪ್ಯಾನ್ ಜೋಡಣೆಯನ್ನೂ ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳುವುದನ್ನೂ ಅದೇ ತೀರ್ಪು ಒಪ್ಪಿತ್ತು. ಹಾಗಾಗಿ ‘ಬ್ಯಾಂಕಿನವರು ಆಧಾರ್ ಕೇಳ್ತಿದ್ದಾರೆ’ ಎಂದು ಬಂದವರಿಗೆ ಮರುಪ್ರಶ್ನೆ ಹಾಕಲೇಬೇಕು: ಯಾವುದಕ್ಕೆ ಕೇಳಿದರು, ಖಾತೆ ತೆರೆಯುವುದಕ್ಕಾ, ಸಬ್ಸಿಡಿ ಹಣಕ್ಕಾ? ಎರಡಕ್ಕೂ ಉತ್ತರ ಬೇರೆಬೇರೆ.

ಉತ್ತರ ಬರೆದು ಕೊಡುವಾಗ ತೀರ್ಪಿನ ದಿನಾಂಕ, ಪೀಠದ ಗಾತ್ರ, ಸೈಟೇಶನ್ (ತೀರ್ಪನ್ನು ಹುಡುಕಲು ಬಳಸುವ ಉಲ್ಲೇಖ ಸಂಖ್ಯೆ) ಮತ್ತು ನೀವು ಪರಿಶೀಲಿಸಿದ ದಿನಾಂಕ ಇರಲಿ. ಆರು ತಿಂಗಳ ಬಳಿಕ ಅದೇ ಚೀಟಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಕೆಲವು ತೀರ್ಪುಗಳ ಕನ್ನಡ ಅನುವಾದ ಸಿಗುತ್ತದೆ. ಕೇಳಿದವರಿಗೆ ಓದಲು ಅದನ್ನೇ ಕೊಡಿ, ಆದರೆ ಅಧಿಕೃತ ಪಠ್ಯ ಇಂಗ್ಲಿಷಿನದು ಎಂದು ತಿಳಿಸಿ.

ಸ್ವಂತ ಪ್ರಕರಣ ಹಿಡಿದು ಬಂದವರಿಗೆ ಇದೆಲ್ಲಕ್ಕಿಂತ ಮೊದಲು ಗಡುವು ಹೇಳಬೇಕು. ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ವಿಶೇಷ ಮೇಲ್ಮನವಿ ಹಾಕಲು ಸಾಮಾನ್ಯವಾಗಿ 90 ದಿನ, ಸುಪ್ರೀಂ ಕೋರ್ಟಿನಲ್ಲೇ ಪುನರ್‌ಪರಿಶೀಲನೆ ಕೇಳಲು 30 ದಿನ. ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100 ಅನ್ನು ಚೀಟಿಯ ಮೇಲೇ ಬರೆದುಕೊಡಿ.