ಬಂಡೆಗಂಟಿದ ಕಪ್ಪೆಚಿಪ್ಪು

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಅಜ್ಜಿಯ ಜೊತೆ ಬೆಳಚು, ಅಂದರೆ ಮರಳಲ್ಲಿ ಹುದುಗಿರುವ ಚಿಪ್ಪುಜೀವಿ, ಹೆಕ್ಕಲು ಹೋಗುತ್ತಿದ್ದೆ. ಮೊಣಕಾಲುದ್ದ ನೀರಲ್ಲಿ ನಿಂತು ಕಾಲಬೆರಳಲ್ಲೇ ಮರಳು ಕೆದಕಬೇಕು, ಗಟ್ಟಿಯಾದದ್ದು ತಾಗಿದರೆ ಬಗ್ಗಿ ಎತ್ತಬೇಕು. ಮನೆಗೆ ಬಂದವಳೇ ಅಜ್ಜಿ ಬುಟ್ಟಿ ಸುರಿದು ವಿಂಗಡಿಸುತ್ತಿದ್ದಳು. ಬೆಳಚು ಒಂದು ಕಡೆ, ಬಂಡೆಯಿಂದ ಕತ್ತಿಯಲ್ಲಿ ಎಬ್ಬಿಸಿ ತಂದ ಕಲ್ಗ (ಆಯ್ಸ್ಟರ್) ಇನ್ನೊಂದು ಕಡೆ, ನೀಲಿಕಲ್ಲು ಎಂಬ ಉದ್ದನೆಯ ಚಿಪ್ಪು (ಮಸೆಲ್) ಸಿಕ್ಕಿದ್ದರೆ ಅದು ಬೇರೆ. ಒಂದೊಂದಕ್ಕೂ ಬೇರೆ ಬೇರೆ ಅಡುಗೆ. ಒಲೆಯ ಲೆಕ್ಕದ ವರ್ಗೀಕರಣ ಅದು.

ಈಗ ನಾನು ಶಿವಮೊಗ್ಗದ ಕಡೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಊರಿಂದ ತಂದ ಚಿಪ್ಪುಗಳ ಪೆಟ್ಟಿಗೆಯೊಂದಿದೆ. ಮಕ್ಕಳ ಮುಂದೆ ಸುರಿದು ವಿಂಗಡಿಸಿ ಎಂದರೆ ಉರುಟಾದದ್ದೆಲ್ಲ ಒಂದು ರಾಶಿ, ಉದ್ದನೆಯದು ಇನ್ನೊಂದು. ಆಗ ಚಿಪ್ಪು ಮಗುಚಿ ಒಳಗೆ ನೋಡಿ ಅನ್ನುತ್ತೇನೆ.

ಎರಡು ಚಿಪ್ಪು ಕೂಡುವ ಕೀಲಿನಲ್ಲಿ ಹಲ್ಲುಗಳಿರುತ್ತವೆ. ಬೆಳಚಿನಲ್ಲಿ ಕೆಲವೇ ಗಟ್ಟಿ ಹಲ್ಲು, ಎಲ್ಲ ಒಂದೇ ಥರ ಅಲ್ಲ. ಅದರ ಗುಂಪಿಗೆ ಹೆಟೆರೊಡಾಂಟ ಎಂಬ ಹೆಸರು ಬಂದದ್ದೇ ಹಾಗೆ. ಒಳಮೈಯ ಎರಡೂ ಬದಿಗೆ ಸ್ನಾಯು ಅಂಟಿಕೊಂಡಿದ್ದ ಗುರುತು, ಒಟ್ಟು ಎರಡು. ಕಲ್ಗದಲ್ಲಿ ಅಂಥ ಗುರುತು ನಡುವಿಗೆ ಒಂದೇ. ಮಕ್ಕಳಿಗೆ ಅಚ್ಚರಿಯಾಗುವುದು ಟೆಗಿಲ್ಲಾರ್ಕ ಗ್ರಾನೋಸ ಎಂಬ ಇನ್ನೊಂದು ಜಾತಿಯ ಚಿಪ್ಪು ಕೈಗೆತ್ತಿಕೊಂಡಾಗ. ಮೇಲೆ ಉಬ್ಬುಗೆರೆಗಳಿರುವ ದಪ್ಪ ಚಿಪ್ಪು. ಬದುಕಿದ್ದಾಗ ನಮ್ಮ ಹಾಗೆ ಹಿಮೋಗ್ಲೋಬಿನ್ ಇರುವ ಕೆಂಪು ರಕ್ತ ಅದಕ್ಕೆ. ನೋಡಲು ಬೆಳಚಿನ ಅಣ್ಣನಂತಿದ್ದರೂ ಕೀಲಿನುದ್ದಕ್ಕೂ ಬಾಚಣಿಗೆಯಂತೆ ಸಾಲು ಸಾಲು ಸಣ್ಣ ಹಲ್ಲು. ಸಂಬಂಧದಲ್ಲಿ ಅದು ಬೆಳಚಿಗಿಂತ ಕಲ್ಗಕ್ಕೂ ನೀಲಿಕಲ್ಲಿಗೂ ಹತ್ತಿರ. ಮೂರೂ ಟೀರಿಯೊಮಾರ್ಫಿಯ ಎಂಬ ಗುಂಪಿನವು.

ಲೋಕದಲ್ಲಿ ಇಂಥ ಜೋಡಿಚಿಪ್ಪಿನ ಜೀವಿಗಳು ಸುಮಾರು 9,000 ಜಾತಿ ಇವೆ. ದೋಣಿಯ ಮರ ಕೊರೆಯುವ, ಹುಳುವಿನಂತೆ ಕಾಣುವ ಟೆರೆಡೊ ಕೂಡ ಇವುಗಳ ಪೈಕಿಯೇ! ತಲೆ ಮಾತ್ರ ಯಾವುದಕ್ಕೂ ಇಲ್ಲ.

ಆದರೆ ನನ್ನ ಮನಸ್ಸು ತುಂಬಿರುವುದು ಕಡಲಿನದಲ್ಲ, ಹೊಳೆಯದು. ಕಳೆದ ಬೇಸಿಗೆಯಲ್ಲಿ ತುಂಗೆಯ ನೀರು ಇಳಿದಾಗ ಬಂಡೆಗೆ ಅಂಟಿದ ಒರಟು ಚಿಪ್ಪೊಂದು ಕಂಡಿತು. "ಅರೆ, ಕಲ್ಗ!" ಎಂದು ಬಾಯಿಂದ ಬಂದೇಬಿಟ್ಟಿತು. ಸಿಹಿನೀರಲ್ಲಿ ಕಲ್ಗ ಎಲ್ಲಿಂದ ಬರಬೇಕು? ಅದು ಸ್ಯೂಡೋಮುಲ್ಲೇರಿಯ ಡ್ಯಾಲಿ, ಪಶ್ಚಿಮಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 1898ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ಬಂಡೆಗೆ ಅಂಟುವ ಗುಣ ನೋಡಿ ಆಫ್ರಿಕಾ, ದಕ್ಷಿಣ ಅಮೆರಿಕದ ಸಿಹಿನೀರಿನ ಅಂಟುಚಿಪ್ಪುಗಳ ಕುಟುಂಬಕ್ಕೆ ಸೇರಿಸಿದ್ದರು. 2000ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬೇರೆಯೇ ಹೇಳಿತು: ಇದು ನಮ್ಮ ಕೆರೆ, ಹೊಳೆಯ ಕಪ್ಪೆಚಿಪ್ಪಿನ ಕುಟುಂಬದ್ದೇ. ಕೆಸರಲ್ಲಿ ಕಾಲೂರಿ ನಡೆಯುವವರ ಮನೆಯಲ್ಲಿ ಹುಟ್ಟಿ, ರಭಸದ ನೀರಲ್ಲಿ ಬಂಡೆ ಹಿಡಿದು ಕೂತಿದೆ. ಅಂಟುವ ಗುಣ ಇಲ್ಲಿ ಬೇರೆಯಾಗಿ, ಅಲ್ಲಿ ಬೇರೆಯಾಗಿ ಬೆಳೆದದ್ದು. ಅವತ್ತು ಎಷ್ಟು ಹೊತ್ತು ಆ ಬಂಡೆಯ ಪಕ್ಕ ಕೂತಿದ್ದೆನೋ.

ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕೀಳಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಕಪ್ಪೆಚಿಪ್ಪಿನ ಪಕ್ಕದ ಖಾನೆಯಲ್ಲಿ ಹೆಸರು ಬರೆದ ಚೀಟಿ ಮಾತ್ರ ಇಟ್ಟಿದ್ದೇನೆ.